ಹಳೆ ಬೆಂಜ್ ಹೀಟ್ ಆಗುತ್ತಿದೆಯಾ, ಕರೆಂಟ್ ಕೈಕೊಡುತ್ತಿದೆಯಾ? ಡಬ್ಲ್ಯೂ 124 ಕಾರಿನ ದೋಷ ಹುಡುಕಲು ಸಮಗ್ರ ಮಾರ್ಗದರ್ಶಿ

ಹಳೆ ಬೆಂಜ್ ಟ್ರಾಫಿಕ್‌ನಲ್ಲಿ ಹೀಟ್ ಆಗುತ್ತಿದೆ ಅಂದ ಕೂಡಲೇ ಗ್ಯಾರೇಜಿನಲ್ಲಿ ಮೊದಲು ಬಿಚ್ಚುವುದು ರೇಡಿಯೇಟರ್. ಅದರಿಂದ ಸರಿಹೋಗದಿದ್ದರೆ ವಾಟರ್ ಬಾಡಿ, ಅಂದರೆ ನೀರು ಸುತ್ತಿಸುವ ಪಂಪ್. ಅದೂ ಆಗದಿದ್ದರೆ ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಅಷ್ಟರಲ್ಲಿ ಮಾಲೀಕರ ಜೇಬು ಖಾಲಿ. ಆದರೆ ಎಷ್ಟೋ ಕಾರುಗಳಲ್ಲಿ ತೊಂದರೆ ನೀರಿನದಲ್ಲ, ಕರೆಂಟಿನದು. ಫ್ಯಾನಿಗೆ ಪೂರ್ತಿ ವೋಲ್ಟೇಜ್ ತಲುಪುತ್ತಿಲ್ಲ. ಅಥವಾ ಸೆನ್ಸರ್ ವೈರಿನ ಹೊದಿಕೆ ಉದುರಿಹೋಗಿದೆ. ಇಲ್ಲವೇ ಮೀಟರಿನ ಅರ್ಥ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸಡಿಲವಾಗಿ ಟೆಂಪರೇಚರ್ ಮುಳ್ಳು ಸುಳ್ಳು ತೋರಿಸುತ್ತಿದೆ.

ಅದಕ್ಕೇ ಇಲ್ಲಿ ಮೊದಲು ಕರೆಂಟ್ ನೋಡುತ್ತೇವೆ, ಆಮೇಲೆ ಕೂಲಿಂಗ್. ಎರಡರಲ್ಲೂ ಅಳತೆ ಮೊದಲು, ಸ್ಪ್ಯಾನರ್ ಆಮೇಲೆ. ಅಳೆಯದೆ ಯಾವ ಪಾರ್ಟನ್ನೂ ಬದಲಾಯಿಸಬೇಡಿ.

ಯಾಕೆ ಡಬ್ಲ್ಯೂ 124?

ಡಬ್ಲ್ಯೂ 124 ಅನ್ನುವುದು ಆ ಕಾಲದ ಇ-ಕ್ಲಾಸ್ ಬೆಂಜ್‌ಗೆ ಮರ್ಸಿಡಿಸ್ ಇಟ್ಟ ಒಳಹೆಸರು. ಈ ಕಾರು ಯುರೋಪಿನಲ್ಲಿ 1984ರ ಕೊನೆಗೆ ಬಂತು. ಮರ್ಸಿಡಿಸ್ ಭಾರತದಲ್ಲಿ ಜೋಡಿಸಿದ ಮೊದಲ ಕಾರೂ ಇದೇ. 1995ರಲ್ಲಿ ಪುಣೆ ಹತ್ತಿರದ ಪಿಂಪ್ರಿಯಲ್ಲಿ, ಟೆಲ್ಕೋ (ಈಗಿನ ಟಾಟಾ ಮೋಟರ್ಸ್) ಕಾರ್ಖಾನೆಯ ಆವರಣದಲ್ಲಿ ಕೆಲಸ ಶುರುವಾಯಿತು. ಇ 220 ಪೆಟ್ರೋಲ್ ಮತ್ತು ಇ 250 ಡೀಸೆಲ್ ನಮ್ಮ ಕಡೆ ಹೆಚ್ಚು ಕಾಣಸಿಗುತ್ತವೆ. ಇವಕ್ಕೆ ಈಗ 30 ವರ್ಷದ ಆಸುಪಾಸು. ಉಕ್ಕು ಇನ್ನೂ ಗಟ್ಟಿಯಾಗಿದೆ. ಸೋತಿರುವುದು ರಬ್ಬರ್, ಪ್ಲಾಸ್ಟಿಕ್ ಮತ್ತು ವೈರಿಂಗ್.

ಇದರಲ್ಲಿ ಕಂಪ್ಯೂಟರ್ ಇದೆ, ಆದರೆ ಎಲ್ಲದಕ್ಕೂ ಅದೇ ಯಜಮಾನನಲ್ಲ. ಸ್ಕ್ಯಾನರ್ ಇಲ್ಲದೆ, ಒಂದು ಮಲ್ಟಿಮೀಟರ್ ಇಟ್ಟುಕೊಂಡು ಬಹಳಷ್ಟು ದೋಷ ಹಿಡಿಯಬಹುದು. 90ರ ದಶಕದ ಬಿಎಂಡಬ್ಲ್ಯೂ, ಆಡಿ ಕಾರುಗಳಿಗೂ ಇದೇ ದಾರಿ ನಡೆಯುತ್ತದೆ. ಫ್ಯೂಸ್ ಜಾಗ, ಸೆನ್ಸರ್ ಅಂಕಿಗಳು ಮಾತ್ರ ಬೇರೆ.

ಏನೇನು ಬೇಕು, ಏನು ಮಾಡಬಾರದು

10 ಆಂಪ್‌ವರೆಗೆ ಅಳೆಯುವ ಡಿಜಿಟಲ್ ಮಲ್ಟಿಮೀಟರ್ ಬೇಕು. ಹೊರಗಿನಿಂದಲೇ ಬಿಸಿ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಬೇಕು. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ಉದ್ದ ವೈರ್ ಬೆಸುಗೆ ಹಾಕಿದ ಟೆಸ್ಟ್ ಲ್ಯಾಂಪ್ ಒಂದಿರಲಿ. ಈ ಬಲ್ಬ್ ತುಂಬಾ ಮುಖ್ಯ. ಒಂದೇ ಒಂದು ಎಳೆ ಉಳಿದಿರುವ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಅದೇ ವೈರಿಗೆ 21 ವ್ಯಾಟ್ ಬಲ್ಬ್ ಹಚ್ಚಿದರೆ ಮಂಕಾಗಿ ಉರಿಯುತ್ತದೆ, ಅಥವಾ ಉರಿಯುವುದೇ ಇಲ್ಲ. ಆದರೆ ಈ ಬಲ್ಬನ್ನು ಇಸಿಯುಗೆ (ಎಂಜಿನ್ ಕಂಪ್ಯೂಟರಿಗೆ) ಹೋಗುವ ಸಣ್ಣ ಸೆನ್ಸರ್ ವೈರುಗಳಿಗೆ ಹಚ್ಚಬೇಡಿ. ಅಲ್ಲಿ ಮಲ್ಟಿಮೀಟರ್ ಮಾತ್ರ.

ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರಿಕೆ ನೋಡುವ ಪ್ರೆಶರ್ ಟೆಸ್ಟರ್ ಕೊಳ್ಳಲೇಬೇಕು ಅಂತಿಲ್ಲ. ಒಳ್ಳೆ ಗ್ಯಾರೇಜಿನಲ್ಲಿ ಇರುತ್ತದೆ, ಅಲ್ಲೇ ಮಾಡಿಸಿ.

ಇನ್ನು ಮಾಡಬಾರದ್ದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು "ಡೈನಮೋ ಚೆಕ್" ಮಾಡುವ ಅಭ್ಯಾಸ ಇನ್ನೂ ಇದೆ. ಅಂಬಾಸಡರ್ ಕಾಲಕ್ಕೆ ಅದು ನಡೆಯುತ್ತಿತ್ತು. ಈ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಇಸಿಯು, ಎಬಿಎಸ್ ಯೂನಿಟ್ ಸುಟ್ಟುಹೋಗಬಹುದು. ಯಾರಾದರೂ ಟರ್ಮಿನಲ್ ಕಡೆ ಕೈ ಹಾಕಿದರೆ ದಯವಿಟ್ಟು ತಡೆಯಿರಿ.

ಎಂಜಿನ್ ಬಿಸಿ ಇದ್ದಾಗ ಕೂಲಂಟ್ ಕ್ಯಾಪ್ ತೆಗೆಯಬೇಡಿ, ಬಟ್ಟೆ ಹಿಡಿದೂ ಬೇಡ. ಕಾರಿನ ಮುಂಭಾಗದ ಎಲೆಕ್ಟ್ರಿಕ್ ಫ್ಯಾನ್ ಯಾವಾಗ ಬೇಕಾದರೂ ತಾನಾಗಿ ತಿರುಗಬಹುದು, ಬೆರಳು ದೂರ ಇರಲಿ.

ಮೊದಲ ಭಾಗ: ಕರೆಂಟ್

ಹಂತ 1: ಬ್ಯಾಟರಿ ಮತ್ತು ಚಾರ್ಜಿಂಗ್

ಕಾರು ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಳೆಯಿರಿ. 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧದಷ್ಟು. ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮಲ್ಟಿಮೀಟರ್ ನೋಡಲಿ. 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಚಾರ್ಜ್ ಸಾಲುತ್ತಿಲ್ಲ. ಬ್ಯಾಟರಿ ದುರ್ಬಲವಾಗಿರುವಾಗ ಮುಂದಿನ ಯಾವ ಪರೀಕ್ಷೆಯನ್ನೂ ನಂಬಬೇಡಿ.

ಎಂಜಿನ್ ಓಡುವಾಗ ಬ್ಯಾಟರಿ ತುದಿಯಲ್ಲಿ 13.8ರಿಂದ 14.4 ವೋಲ್ಟ್ ಸಿಗಬೇಕು. ಹೆಡ್‌ಲೈಟ್, ಎಸಿ, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ ಮತ್ತೆ ಅಳೆಯಿರಿ. ಆರ್‌ಪಿಎಂ ಸ್ವಲ್ಪ ಏರಿಸಿದ ಮೇಲೂ 13ರ ಕೆಳಗೇ ನಿಂತರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಬೇಕು. ಈ ಕಾರಿನ ಬಾಷ್ ಆಲ್ಟರ್ನೇಟರಿನ ಹಿಂಬದಿಯಲ್ಲಿ ರೆಗ್ಯುಲೇಟರ್ ಎರಡು ಸ್ಕ್ರೂನಲ್ಲಿ ಕೂತಿರುತ್ತದೆ. ಕಾರ್ಬನ್ ಬ್ರಷ್ ಅದರ ಜೊತೆಗೇ ಬರುತ್ತದೆ. ಹೊರಗೆ ಚಾಚಿರುವ ಬ್ರಷ್ 5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ರೆಗ್ಯುಲೇಟರ್ ಬದಲಿಸಿ. ಇಡೀ ಆಲ್ಟರ್ನೇಟರ್ ಬದಲಿಸುವ ಮುಂಚೆ ಇದನ್ನು ನೋಡಲೇಬೇಕು.

ಇನ್ನೊಂದು ಸಣ್ಣ ವಿಷಯ. ಕೀ ಆನ್ ಮಾಡಿದಾಗ ಮೀಟರಿನಲ್ಲಿ ಬ್ಯಾಟರಿ ದೀಪ ಉರಿಯುತ್ತದೆಯಾ? ಆ ಬಲ್ಬಿನ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಬಲ್ಬ್ ಸುಟ್ಟಿದ್ದರೆ ಚಾರ್ಜಿಂಗ್ ಶುರುವಾಗದೇ ಇರಬಹುದು.

ಹಂತ 2: ಅರ್ಥ್

ಇಲ್ಲಿ ಅವಸರ ಬೇಡ. ಹಳೆ ಕಾರಿನ ಅರ್ಧ ಭೂತಚೇಷ್ಟೆ ಅರ್ಥ್‌ನಲ್ಲೇ ಇರುತ್ತದೆ.

ವೈರನ್ನು ಕಣ್ಣಿಂದ ನೋಡಿ "ಚೆನ್ನಾಗಿದೆ" ಅನ್ನಲು ಬರುವುದಿಲ್ಲ. ಓಂ ಅಳೆದರೂ ಗೊತ್ತಾಗುವುದಿಲ್ಲ. ಕರೆಂಟ್ ಹರಿಯುವಾಗ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ನೋಡಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಅದರ ಕ್ಲ್ಯಾಂಪಿಗಲ್ಲ. ಕೆಂಪು ಮೊನೆಯನ್ನು ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ. ಈಗ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಬ್ಯಾಟರಿಯಿಂದ ಎಂಜಿನ್‌ವರೆಗಿನ ಅರ್ಥ್ ದಾರಿ ಕೆಟ್ಟಿದೆ.

ಇದೇ ರೀತಿ ಹೆಡ್‌ಲೈಟ್ ಹಾಕಿ, ಅದರ ಅರ್ಥ್ ಪಿನ್ನಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಅಳೆಯಿರಿ. ಫ್ಯಾನ್ ತಿರುಗುವಾಗ ಫ್ಯಾನಿನ ಅರ್ಥ್ ಪಿನ್ನಿನಲ್ಲೂ ಅಳೆಯಿರಿ. 0.2 ವೋಲ್ಟಿನೊಳಗೆ ಇರಬೇಕು. ಜಾಸ್ತಿ ಇದ್ದರೆ ಆ ಅರ್ಥ್ ಬೋಲ್ಟ್ ಬಿಚ್ಚಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಉಪ್ಪುಗಾಳಿಗೆ ಈ ಬೋಲ್ಟುಗಳು ಬೇಗ ಹೋಗುತ್ತವೆ. ಕರಾವಳಿಯಲ್ಲಿ ಓಡಿದ ಕಾರು ಕೊಂಡಿದ್ದರೆ ಎಲ್ಲ ಅರ್ಥ್ ಬೋಲ್ಟುಗಳನ್ನೂ ಒಂದೇ ಸಲ ಮಾಡಿಮುಗಿಸಿ.

ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಕ್ಲಚ್ ಅಥವಾ ಗೇರ್‌ಬಾಕ್ಸ್ ಕೆಲಸ ಮಾಡಿದವರು ಅದನ್ನು ವಾಪಸ್ ಹಾಕದೆ ಬಿಟ್ಟಿರುವುದೂ ಉಂಟು. ಆಗ ಸೆಲ್ಫಿನ ಅಷ್ಟೂ ಕರೆಂಟ್ ಆಕ್ಸಿಲರೇಟರ್ ಕೇಬಲ್ ಹಿಡಿದು ವಾಪಸ್ ಬರುತ್ತದೆ. ಸೆಲ್ಫ್ ಹೊಡೆದಾಗ ಆ ಕೇಬಲ್ ಬೆಚ್ಚಗಾದರೆ ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಟೆಂಪರೇಚರ್ ಮುಳ್ಳನ್ನೂ ಇಲ್ಲೇ ಪರೀಕ್ಷೆ ಮಾಡಿಬಿಡಿ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಮೇಲೇರಿ, ಆರಿಸಿದರೆ ಇಳಿಯುತ್ತದೆಯಾ? ಎಂಜಿನ್ ಬಿಸಿ ಅರೆಕ್ಷಣದಲ್ಲಿ ಬದಲಾಗುವುದಿಲ್ಲ, ಅಲ್ವಾ? ಅದು ಮೀಟರ್ ಕನ್ಸೋಲಿನ ಅರ್ಥ್ ದೋಷ. ರೇಡಿಯೇಟರ್ ಮುಟ್ಟಬೇಡಿ.

ಹಂತ 3: ಫ್ಯೂಸ್ ಮತ್ತು ರಿಲೇ

ಡಬ್ಲ್ಯೂ 124ನಲ್ಲಿ ಬ್ಲೇಡ್ ಫ್ಯೂಸ್ ಅಲ್ಲ, ಎರಡೂ ತುದಿ ಚೂಪಾದ ಹಳೆ ಬಾಷ್ ಮಾದರಿಯ ಫ್ಯೂಸ್. ಬಿಳಿ 8 ಆಂಪ್, ಕೆಂಪು 16, ನೀಲಿ 25. ಇವು ಸುಡದೆಯೂ ಕೈಕೊಡುತ್ತವೆ. ತುದಿಯಲ್ಲಿ ಬಿಳಿ ಪುಡಿ ಕಟ್ಟಿ ಸಂಪರ್ಕ ತಪ್ಪುತ್ತದೆ. ನೋಡಿದರೆ ಪಟ್ಟಿ ತುಂಡಾಗಿಲ್ಲ, ಆದರೂ ವೈಪರ್ ಓಡುವುದಿಲ್ಲ.

ಸದ್ಯಕ್ಕೆ ಪ್ರತಿ ಫ್ಯೂಸನ್ನೂ ಕೂತಲ್ಲೇ ಬೆರಳಿನಿಂದ ಕೆಲವು ಸುತ್ತು ತಿರುಗಿಸಿ. ಎಷ್ಟೋ ಸಲ ಸತ್ತ ಸರ್ಕ್ಯೂಟ್ ತಟ್ಟನೆ ಎದ್ದು ಕೂರುತ್ತದೆ. ಆಮೇಲೆ ಅಲ್ಯುಮಿನಿಯಂ ಪಟ್ಟಿಯ ಫ್ಯೂಸ್ ಎಲ್ಲ ತೆಗೆದು, ತಾಮ್ರದ ಪಟ್ಟಿಯವು ಹಾಕಿ. ಒಂದು ಸೆಟ್ಟಿಗೆ ಹೆಚ್ಚು ಖರ್ಚಿಲ್ಲ. ಹಿಡಿಯುವ ಕ್ಲಿಪ್ಪುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆಯಿರಿ. ಫ್ಯೂಸ್ ಪದೇಪದೇ ಸುಡುತ್ತಿದ್ದರೆ ದೊಡ್ಡದು ಹಾಕಿ ಸಮಾಧಾನ ಮಾಡಿಕೊಳ್ಳಬೇಡಿ. ಮುಂದಿನ ಸಲ ಸುಡುವುದು ವೈರ್.

ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್. ಇವುಗಳಲ್ಲಿ ಮೊದಲು ನೋಡಬೇಕಾದದ್ದು ಓವರ್‌ವೋಲ್ಟೇಜ್ ಪ್ರೊಟೆಕ್ಷನ್ ರಿಲೇ. ಬ್ಯಾಟರಿ ಪಕ್ಕದ ವಿಭಾಗದಲ್ಲಿರುತ್ತದೆ, ತಲೆಯ ಮೇಲೆ ಬ್ಲೇಡ್ ಫ್ಯೂಸ್ ಕೂತಿರುತ್ತದೆ. ಎಬಿಎಸ್‌ಗೂ ಎಂಜಿನ್ ಎಲೆಕ್ಟ್ರಾನಿಕ್ಸ್‌ಗೂ ಇದರಿಂದಲೇ ಕರೆಂಟ್. ಎಬಿಎಸ್ ದೀಪ ಉರಿಯುತ್ತಿದೆ, ಜೊತೆಗೆ ಐಡ್ಲಿಂಗ್ ಏರುಪೇರು, ಕೆಲವೊಮ್ಮೆ ಸ್ಟಾರ್ಟೇ ಆಗುವುದಿಲ್ಲ ಅಂದರೆ ಅನುಮಾನ ಇದರ ಮೇಲೆ. ಸಂಬಂಧವಿಲ್ಲದಂತೆ ಕಾಣುವ ಎರಡು ದೋಷ ಒಟ್ಟಿಗೆ ಬಂದಾಗ ಎರಡಕ್ಕೂ ಕರೆಂಟ್ ಕೊಡುವ ಜಾಗ ಹುಡುಕಿ. ಕೊನೆ ವರ್ಷಗಳ ಕೆಲವು ಎಂಜಿನ್‌ಗಳಲ್ಲಿ ಇದೇ ಕೆಲಸವನ್ನು ಬೇಸ್ ಮಾಡ್ಯೂಲ್ ಎಂಬ ಎಲೆಕ್ಟ್ರಾನಿಕ್ ಪೆಟ್ಟಿಗೆ ಮಾಡುತ್ತದೆ.

ಬಿಸಿಯಾದಾಗ ಆಫ್ ಆಗಿ, ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಪೆಟ್ರೋಲ್ ಕಾರಿನಲ್ಲಿ ಎರಡು ಜಾಗ ನೋಡಿ. ಒಂದು ಫ್ಯೂಯೆಲ್ ಪಂಪ್ ರಿಲೇ. ಒಳಗಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ, ಮತ್ತೆ ಬೆಸೆದರೆ ಸಾಕು. ಇನ್ನೊಂದು, ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗುತ್ತದೆಯಾ ನೋಡಿ. ಅಲುಗದಿದ್ದರೆ ಈ ಸೆನ್ಸರ್ ಮೇಲೆ ಅನುಮಾನ ಪಡಿ.

ಹಂತ 4: ಎಂಜಿನ್ ವೈರಿಂಗ್ ಹಾರ್ನೆಸ್ (ವೈರುಗಳ ಕಟ್ಟು)

ಸುಮಾರು 1992ರಿಂದ 1995ರವರೆಗಿನ ಮರ್ಸಿಡಿಸ್ ಪೆಟ್ರೋಲ್ ಎಂಜಿನ್‌ಗಳ ದೊಡ್ಡ ರೋಗ ಇದು. ಆ ವರ್ಷಗಳಲ್ಲಿ ಪರಿಸರದಲ್ಲಿ ಕರಗಿಹೋಗುವಂಥ ಹೊದಿಕೆಯ ವೈರ್ ಬಳಸಿದ್ದರು. ಎಂಜಿನ್ ಬಿಸಿಗೆ ಆ ಹೊದಿಕೆ ಕಾರಿನಲ್ಲೇ ಹಾಳಾಗತೊಡಗಿತು.

ಪರೀಕ್ಷೆ ಸುಲಭ. ಎಂಜಿನ್ ತಣ್ಣಗಿರುವಾಗ, ಇಗ್ನಿಷನ್ ಆಫ್ ಮಾಡಿ, ಇಂಜೆಕ್ಟರ್ ಅಥವಾ ಟೆಂಪರೇಚರ್ ಸೆನ್ಸರಿನ ಕನೆಕ್ಟರ್ ತೆಗೆಯಿರಿ. ಅದರ ರಬ್ಬರ್ ಟೋಪಿಯನ್ನು ಹಿಂದಕ್ಕೆ ಸರಿಸಿ. ವೈರನ್ನು ಬೆರಳಿನಿಂದ ತುಸುವೇ ಬಾಗಿಸಿ. ಒಳ್ಳೆ ವೈರ್ ಮೆತ್ತಗೆ ಬಾಗುತ್ತದೆ. ಕೆಟ್ಟ ವೈರಿನ ಹೊದಿಕೆ ಹಪ್ಪಳದ ಹಾಗೆ ಮುರಿದು ಕೈಗೆ ಬರುತ್ತದೆ, ಒಳಗಿನ ತಾಮ್ರ ಬೆತ್ತಲೆಯಾಗಿ ಕಾಣುತ್ತದೆ. ಹೊರಗಿನ ಕಪ್ಪು ಕವಚ ಹೊಸದರಂತೆ ಹೊಳೆಯುತ್ತಿದ್ದರೂ ಒಳಗೆ ಹೀಗಿರಬಹುದು.

ಒಂದು ಜಾಗದಲ್ಲಿ ಹೀಗೆ ಕಂಡರೆ ಉಳಿದದ್ದೂ ಅದೇ ಸ್ಥಿತಿಯಲ್ಲಿದೆ. ಟೇಪ್ ಸುತ್ತಿ ಮುಚ್ಚಬೇಡಿ. ಎರಡು ಬೆತ್ತಲೆ ವೈರ್ ತಾಗಿದರೆ ಮಿಸ್‌ಫೈರ್ ಬರಬಹುದು, ಇಸಿಯು ಸುಡಲೂಬಹುದು. ಹಾರ್ನೆಸ್ ಮೇಲೆ ತಯಾರಿ ದಿನಾಂಕದ ಚೀಟಿ ಇರುತ್ತದೆ. 1996ರ ನಂತರದ ದಿನಾಂಕ ಇದ್ದರೆ ಹಿಂದಿನ ಮಾಲೀಕರು ಬದಲಿಸಿದ್ದಾರೆ ಅಂತ ಅರ್ಥ. ಹಳೆಯದಾಗಿದ್ದರೆ ಎರಡು ದಾರಿ: ಹೊಸ ಹಾರ್ನೆಸ್ ತರಿಸುವುದು, ಇಲ್ಲವೇ ಅದೇ ಕನೆಕ್ಟರುಗಳನ್ನು ಉಳಿಸಿಕೊಂಡು ಬಿಸಿ ತಡೆಯುವ ವೈರಿನಲ್ಲಿ ಮತ್ತೆ ಕಟ್ಟಿಸುವುದು. ಎರಡನೆಯದಕ್ಕೆ ತಾಳ್ಮೆ ಇರುವ ಎಲೆಕ್ಟ್ರಿಷಿಯನ್ ಬೇಕು. ಬೆಂಗಳೂರಿನವರು ಜೆಸಿ ರೋಡ್, ಶಿವಾಜಿನಗರದ ಗುಜರಿಯಲ್ಲಿ ಹಳೆ ಹಾರ್ನೆಸ್ ಹುಡುಕುತ್ತಾರೆ. ಬಾಗಿಲ ಹಿಡಿ, ಸ್ವಿಚ್, ಗಾಜಿಗೆ ಗುಜರಿ ಸರಿ. ಹಾರ್ನೆಸ್ ಮಾತ್ರ ಅಲ್ಲಿಂದ ತರಬೇಡಿ. ಅದೇ ವಯಸ್ಸಿನ ಕಾರಿನಿಂದ ಬಿಚ್ಚಿದ್ದಕ್ಕೆ ಅದೇ ರೋಗ ಇರುತ್ತದೆ. ಡೀಸೆಲ್ ಮಾಲೀಕರಿಗೆ ಈ ತಲೆನೋವು ಕಡಿಮೆ, ಅಲ್ಲಿ ಎಂಜಿನ್ ಮೇಲೆ ವೈರೇ ಕಡಿಮೆ.

ಹಂತ 5: ನಿಂತಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ

1. ಎಲ್ಲ ಆಫ್ ಮಾಡಿ, ಕೀ ತೆಗೆಯಿರಿ. ಬಾನೆಟ್ ತೆರೆದಿಡಿ, ಬಾಗಿಲು ಮುಚ್ಚಿ.
2. ಬ್ಯಾಟರಿ ನೆಗೆಟಿವ್ ತೆಗೆದು, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ ಜಾಗದಲ್ಲಿ ಸೇರಿಸಿ. ಈ ಸ್ಥಿತಿಯಲ್ಲಿ ಕೀ ಆನ್ ಮಾಡಬೇಡಿ, ಸೆಲ್ಫಂತೂ ಹೊಡೆಯಲೇಬೇಡಿ. ಮೀಟರ್ ಸುಡುತ್ತದೆ.
3. ಕಾಲು ಗಂಟೆ ಬಿಟ್ಟು ಅಂಕಿ ನೋಡಿ. 50 ಮಿಲಿಆಂಪ್ ಒಳಗೆ ಇದ್ದರೆ ಸರಿ.
4. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಬಿತ್ತೋ ಆ ಸರ್ಕ್ಯೂಟಿನಲ್ಲಿ ಕಳ್ಳ ಇದ್ದಾನೆ.
5. ಯಾವ ಫ್ಯೂಸ್ ತೆಗೆದರೂ ಬೀಳದಿದ್ದರೆ ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ ನೋಡಿ. ಆದರೆ ಬಿಚ್ಚುವ ಮುಂಚೆ ಮೀಟರ್ ತೆಗೆದು ಬ್ಯಾಟರಿ ಬಿಡಿಸಿರಿ, ಆ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ. ವೈರಿನ ತುದಿಗೆ ಟೇಪ್ ಸುತ್ತಿ ಮೀಟರ್ ಮತ್ತೆ ಸೇರಿಸಿದಾಗ ಅಂಕಿ ಬಿದ್ದಿದ್ದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ.

300 ಮಿಲಿಆಂಪ್ ಸೋರಿಕೆ ಅಂದರೆ ದಿನಕ್ಕೆ 7 ಆಂಪ್ ಅವರ್‌ಗಿಂತ ಜಾಸ್ತಿ. 70 ಆಂಪ್ ಅವರ್ ಬ್ಯಾಟರಿ 5 ದಿನದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಅಲಾರಂ, ಮತ್ತು ಡಿಕ್ಕಿ ಮುಚ್ಚಿದರೂ ಆರದ ದೀಪ. ಈ ಕಾರಿನ ಸೆಂಟ್ರಲ್ ಲಾಕ್ ಗಾಳಿ ಒತ್ತಡದಿಂದ ಕೆಲಸ ಮಾಡುತ್ತದೆ. ಲಾಕ್ ಮಾಡಿದ ಮೇಲೂ ಪಂಪಿನ ಗುಂಯ್ ಸದ್ದು ಬಹಳ ಹೊತ್ತು ಕೇಳಿಸಿದರೆ ಯಾವುದೋ ಬಾಗಿಲಿನ ರಬ್ಬರ್ ಪೈಪ್ ಹರಿದಿದೆ.

ಎರಡನೇ ಭಾಗ: ಕೂಲಿಂಗ್

ಹಂತ 6: ಯಾವಾಗ ಹೀಟ್ ಆಗುತ್ತದೆ?

ಬಾನೆಟ್ ಎತ್ತುವ ಮುಂಚೆ ಇದಕ್ಕೆ ಉತ್ತರ ಬರೆದಿಟ್ಟುಕೊಳ್ಳಿ.

ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಖಾಲಿ ರಸ್ತೆಯಲ್ಲಿ ಓಡಿದಾಗ ಇಳಿದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಕಡೆ ನೋಡಿ. ಹೈವೇಯಲ್ಲಿ ವೇಗ ಹೆಚ್ಚಿಸಿದಷ್ಟೂ ಏರಿದರೆ ನೀರು ಸರಿಯಾಗಿ ಸುತ್ತುತ್ತಿಲ್ಲ, ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ. ಶಿರಾಡಿ, ಚಾರ್ಮಾಡಿ ಹತ್ತುವಾಗ ಮಾತ್ರ ಏರಿದರೆ ಎರಡೂ ಇರಬಹುದು, ಯಾಕೆಂದರೆ ಅಲ್ಲಿ ವೇಗ ಕಡಿಮೆ, ಹೊರೆ ಜಾಸ್ತಿ. ಎಸಿ ಹಾಕಿದಾಗ ಮಾತ್ರ ಏರಿದರೆ ಮುಂದಿನ ಎಲೆಕ್ಟ್ರಿಕ್ ಫ್ಯಾನ್. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಸರ್ರನೆ ಏರಿದರೆ ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ತೆರೆಯುತ್ತಿಲ್ಲ, ನೀರಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್.

ಮುಳ್ಳು ನಿಜ ಹೇಳುತ್ತಿದೆಯಾ ಅಂತಲೂ ನೋಡಿ. ಎಂಜಿನ್ ಬಿಸಿಯಾದ ಮೇಲೆ ಥರ್ಮೋಸ್ಟಾಟ್ ಹೌಸಿಂಗಿಗೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಹೊಳೆಯುವ ಅಲ್ಯುಮಿನಿಯಂ ಮೇಲೆ ಅಂಕಿ ಕಡಿಮೆ ಬರುತ್ತದೆ, ಒಂದು ಚೂರು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಮುಳ್ಳು 110 ಅಂದು ಇಲ್ಲಿ 88 ಬಂದರೆ ಸೆನ್ಸರ್ ಅಥವಾ ವೈರಿಂಗ್ ತಪ್ಪು. ಇಸಿಯುಗೆ ಸುದ್ದಿ ಕೊಡುವ ಸೆನ್ಸರಿನ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಸುಮಾರು 2,500 ಓಂ, 80 ಡಿಗ್ರಿಯಲ್ಲಿ ಸುಮಾರು 320 ಓಂ ಇರಬೇಕು.

ಅಂದಹಾಗೆ ಈ ಕಾರಿನ ಮುಳ್ಳು ಹೊಸ ಕಾರಿನಂತೆ ನಡುವಿನಲ್ಲಿ ಅಲ್ಲಾಡದೆ ನಿಲ್ಲುವುದಿಲ್ಲ. ಓಡುವಾಗ 80-90, ಬೇಸಿಗೆಯ ಟ್ರಾಫಿಕ್‌ನಲ್ಲಿ ಎಸಿ ಹಾಕಿದ್ದರೆ 100ರ ಹತ್ತಿರ ಬರುವುದು ಸಹಜ. 110 ದಾಟಿದರೆ ಗಾಡಿ ಪಕ್ಕಕ್ಕೆ ಹಾಕಿ.

ಹಂತ 7: ನೀರು, ಕ್ಯಾಪ್, ಸೋರಿಕೆ

ಎಂಜಿನ್ ಪೂರ್ತಿ ತಣ್ಣಗಿರುವಾಗ ಲೆವೆಲ್ ನೋಡಿ. ಕ್ಯಾಪ್ ಮೇಲಿನ ಅಂಕಿ ಓದಿ. 140 ಅಂತ ಅಚ್ಚಾಗಿದ್ದರೆ 1.4 ಬಾರ್ ಒತ್ತಡ ಹಿಡಿಯುವ ಕ್ಯಾಪ್ ಅಂತ ಅರ್ಥ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬರೀ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. 1.4 ಬಾರ್ ಒತ್ತಡದಲ್ಲಿ ಅದೇ ನೀರು 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸೋತರೆ ಈ ರಕ್ಷಣೆಯೇ ಹೋಯಿತು. ಇಷ್ಟು ಸಣ್ಣ ಪಾರ್ಟ್ ಬಗ್ಗೆ ಯಾರೂ ಯೋಚಿಸುವುದಿಲ್ಲ.

ಪ್ರೆಶರ್ ಟೆಸ್ಟರ್ ಹಾಕಿ ಕ್ಯಾಪಿನ ಒತ್ತಡದವರೆಗೆ ಪಂಪ್ ಮಾಡಿ ಹತ್ತು ನಿಮಿಷ ಬಿಡಿ. ಟೆಸ್ಟರಿನ ಮುಳ್ಳು ಇಳಿದರೆ ಸೋರಿಕೆ ಇದೆ. ಹೋಸ್ ಪೈಪ್ ತುದಿ, ವಾಟರ್ ಬಾಡಿಯ ಕೆಳಗಿನ ಸಣ್ಣ ತೂತು, ಹೀಟರ್ ವಾಲ್ವ್ ನೋಡಿ. ಒಳಗಿನ ಕಾರ್ಪೆಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರ್ ಕೋರ್, ಅಂದರೆ ಹೀಟರಿನ ಒಳಗಿನ ಸಣ್ಣ ರೇಡಿಯೇಟರ್ ಸೋರುತ್ತಿದೆ.

ರೇಡಿಯೇಟರಿನ ಮೇಲಿನ ಹೋಸ್ ಕೂರುವ ಪ್ಲಾಸ್ಟಿಕ್ ಕುತ್ತಿಗೆಯನ್ನು ವಿಶೇಷವಾಗಿ ನೋಡಿ. ವಯಸ್ಸಾದ ಮೇಲೆ ಅದು ಕಂದಾಗಿ, ಒಂದು ದಿನ ಓಡುವಾಗಲೇ ಮುರಿದು ಕೈಗೆ ಬರುತ್ತದೆ. ನಿಮಿಷದಲ್ಲಿ ನೀರೆಲ್ಲ ರಸ್ತೆ ಪಾಲು. ಬಣ್ಣ ಕೆಟ್ಟು ಸಣ್ಣ ಗೆರೆ ಕಂಡರೆ ರೇಡಿಯೇಟರ್ ಬದಲಿಸಿ. ಕಾದು ನೋಡುವ ಪಾರ್ಟ್ ಅಲ್ಲ ಇದು.

ಹಂತ 8: ಫ್ಯಾನುಗಳು

ಈ ಕಾರಿನಲ್ಲಿ ಎರಡು ಬಗೆಯ ಫ್ಯಾನ್ ಇದೆ. ಎಂಜಿನ್ನಿನಿಂದಲೇ ತಿರುಗುವ ದೊಡ್ಡ ಫ್ಯಾನ್ ಒಂದು. ಬಹಳಷ್ಟು ಎಂಜಿನ್‌ಗಳಲ್ಲಿ ಇದಕ್ಕೆ ವಿಸ್ಕಸ್ ಕ್ಲಚ್ (ಬಿಸಿಯಾದಾಗ ಒಳಗಿನ ಎಣ್ಣೆಯಿಂದ ಫ್ಯಾನನ್ನು ಹಿಡಿದು ತಿರುಗಿಸುವಂಥದ್ದು), ಕೆಲವಲ್ಲಿ ವಿದ್ಯುತ್ ಕ್ಲಚ್. ಎಸಿ ಕಂಡೆನ್ಸರ್ (ಎಸಿ ಗ್ಯಾಸ್ ತಣ್ಣಗಾಗುವ ಜಾಲರಿ) ಮುಂದೆ ಇರುವ ಎಲೆಕ್ಟ್ರಿಕ್ ಫ್ಯಾನ್ ಇನ್ನೊಂದು ಬಗೆ.

ವಿಸ್ಕಸ್ ಕ್ಲಚ್ ಪರೀಕ್ಷೆಗೆ ಎಂಜಿನ್ ಆಫ್ ಮಾಡಿ ಕೈಯಲ್ಲಿ ಫ್ಯಾನ್ ತಿರುಗಿಸಿ. ತಣ್ಣಗಿದ್ದಾಗ ಹಿತವಾದ ಬಿಗಿ ಇರಬೇಕು. ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ ನೋಡಿದರೆ ಬಿಗಿ ಹೆಚ್ಚಿರಬೇಕು. ಬಿಸಿಯಲ್ಲೂ ಸಲೀಸಾಗಿ ಸುತ್ತು ಹೊಡೆದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋಗಿದೆ. ಓಡುವ ಫ್ಯಾನಿಗೆ ಪೇಪರ್ ಸುರುಳಿ ಚುಚ್ಚಿ ನೋಡುವ ಪರೀಕ್ಷೆ ಬೇಡವೇ ಬೇಡ.

ಎಲೆಕ್ಟ್ರಿಕ್ ಫ್ಯಾನಿಗೆ ಎರಡು ವೇಗ. ಎಸಿ ಗ್ಯಾಸಿನ ಒತ್ತಡ ಏರಿದಾಗ ಒಂದು ದಪ್ಪ ರೆಸಿಸ್ಟರ್ ಮೂಲಕ ನಿಧಾನ ವೇಗ. ಕೂಲಂಟ್ ಸುಮಾರು 105-107 ಡಿಗ್ರಿ ಮುಟ್ಟಿದಾಗ ಪೂರ್ತಿ ವೇಗ. ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ಬಿಸಿಗಾಳಿ ಊದಿ, ಓಡುವಾಗ ತಣ್ಣಗಾದರೆ ನಿಧಾನ ವೇಗ ಹೋಗಿರುವ ಸಾಧ್ಯತೆ ಹೆಚ್ಚು. ರೆಸಿಸ್ಟರ್ ತುಂಡಾಗಿದೆಯಾ ಅಂತ ಓಂ ಅಳೆದು ನೋಡಿ.

ಪರೀಕ್ಷೆ ಫ್ಯಾನಿನಿಂದ ಶುರುಮಾಡಿ ಹಿಂದಕ್ಕೆ ಬನ್ನಿ. ಫ್ಯಾನಿನ ಪ್ಲಗ್ ತೆಗೆದು, ಫ್ಯೂಸ್ ಇರುವ ವೈರಿನಿಂದ ನೇರ ಬ್ಯಾಟರಿಗೆ ಕೊಡಿ. ರಭಸವಾಗಿ ತಿರುಗಬೇಕು. ತಿರುಗಿದರೆ ಮೋಟಾರ್ ಸರಿ. ಈಗ ಪ್ಲಗ್ ವಾಪಸ್ ಹಾಕಿ, ಫ್ಯಾನ್ ಓಡುವಾಗ ಪ್ಲಗ್‌ನಲ್ಲಿ ವೋಲ್ಟ್ ಅಳೆಯಿರಿ. ಆಮೇಲೆ ರಿಲೇ, ಆಮೇಲೆ ಫ್ಯೂಸ್, ಆಮೇಲೆ ಸ್ವಿಚ್ ಅಥವಾ ಸೆನ್ಸರ್. ಕೆಲವು ಎಂಜಿನ್‌ಗಳಲ್ಲಿ ಪ್ರತ್ಯೇಕ ಟೆಂಪರೇಚರ್ ಸ್ವಿಚ್, ಇನ್ನು ಕೆಲವಲ್ಲಿ ಸೆನ್ಸರ್ ಕಂಟ್ರೋಲ್ ಯೂನಿಟ್‌ಗೆ ಹೇಳಿ ಅದು ರಿಲೇ ಎಳೆಯುತ್ತದೆ. ನಿಮ್ಮ ಎಂಜಿನ್ನಿನ ವೈರಿಂಗ್ ನಕ್ಷೆ ನೋಡದೆ ಪಿನ್ ಜೋಡಿಸಬೇಡಿ.

ಮೈಸೂರಿನ ಗೆಳೆಯರೊಬ್ಬರ ಇ 220ಗೆ ಒಂದು ಗ್ಯಾರೇಜಿನವರು ಹೊಸ ರೇಡಿಯೇಟರ್ ಹಾಕಿದರು, ವಾಟರ್ ಬಾಡಿಯನ್ನೂ ಬದಲಿಸಿದರು. ಟ್ರಾಫಿಕ್‌ನಲ್ಲಿ ಹೀಟ್ ಆಗುವುದು ನಿಲ್ಲಲಿಲ್ಲ. ಫ್ಯಾನ್ ತಿರುಗುತ್ತಿತ್ತು, ಹಾಗಾಗಿ ಅದರ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಪೂರ್ತಿ ವೇಗದಲ್ಲಿ ಓಡಿಸಿ ಅದರ ಅರ್ಥ್ ಪಿನ್ನಿನಲ್ಲಿ ಅಳೆದರೆ 2 ವೋಲ್ಟಿಗೂ ಜಾಸ್ತಿ ಅಲ್ಲೇ ಕಳೆದುಹೋಗುತ್ತಿತ್ತು. ಹೆಡ್‌ಲೈಟ್ ಹಿಂದಿನ ಅರ್ಥ್ ಬೋಲ್ಟ್ ಹಸಿರುಗಟ್ಟಿತ್ತು. ಉಜ್ಜಿ ಬಿಗಿದ ಮೇಲೆ ಫ್ಯಾನಿನ ಸದ್ದೇ ಬದಲಾಯಿತು. ಮುಳ್ಳು 95ರ ಆಚೆ ಹೋಗಲಿಲ್ಲ.

"ಫ್ಯಾನ್ ಡೈರೆಕ್ಟ್ ಮಾಡಿಬಿಡ್ತೀನಿ ಸಾರ್" ಅಂತ ಹೇಳುವವರು ಸಿಗುತ್ತಾರೆ. ಕೀ ಆನ್ ಮಾಡಿದ ಕೂಡಲೇ ಫ್ಯಾನ್ ಓಡುವಂತೆ ಮಾಡುವುದು ಅದು. ಊರು ಮುಟ್ಟಲು ಒಂದು ದಿನಕ್ಕೆ ಸರಿ. ಕಾಯಂ ಮಾಡಿದರೆ ಮೋಟಾರ್ ಸವೆಯುತ್ತದೆ, ಆಲ್ಟರ್ನೇಟರಿಗೆ ಸದಾ ಹೊರೆ, ನಿಜವಾದ ದೋಷ ಮುಚ್ಚಿಹೋಗುತ್ತದೆ.

ಹಂತ 9: ಥರ್ಮೋಸ್ಟಾಟ್ ಮತ್ತು ರೇಡಿಯೇಟರ್

"ನಮ್ ಊರಿಗೆ ಥರ್ಮೋಸ್ಟಾಟ್ ಬೇಡ, ತೆಗೆದುಹಾಕಿ" ಎಂಬ ಸಲಹೆ ಕೇಳಿರುತ್ತೀರಿ. ಈ ಕಾರಿಗೆ ಅದು ತಪ್ಪು. ಮರ್ಸಿಡಿಸ್ ಥರ್ಮೋಸ್ಟಾಟ್ ಬಿಸಿಯಾದಾಗ ರೇಡಿಯೇಟರ್ ದಾರಿ ತೆರೆಯುವುದರ ಜೊತೆಗೆ ಎಂಜಿನ್ ಒಳಗೇ ಸುತ್ತುವ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ತೆರೆದೇ ಇರುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆ ಹೋಗದೆ ವಾಪಸ್ ಎಂಜಿನ್ ಸೇರುತ್ತದೆ. ಘಾಟಿಯಲ್ಲಿ ಹೀಟ್ ಕಡಿಮೆಯಾಗುವ ಬದಲು ಜಾಸ್ತಿಯಾಗಬಹುದು.

ಹಳೆಯದನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗಬೇಕು. ಅರ್ಧಕ್ಕೇ ನಿಂತರೆ ಹೊಸದು ಹಾಕಿ.

ರೇಡಿಯೇಟರ್ ನೋಡಲು ಬಿಸಿ ಎಂಜಿನ್ ಆಫ್ ಮಾಡಿ ಅದರ ಮೈಮೇಲೆಲ್ಲ ಇನ್ಫ್ರಾರೆಡ್ ಥರ್ಮಾಮೀಟರ್ ಆಡಿಸಿ. ಬಿಸಿ ಒಂದು ಬದಿಯಿಂದ ಇನ್ನೊಂದು ಬದಿಗೆ ನಿಧಾನಕ್ಕೆ ಇಳಿಯುತ್ತಾ ಹೋಗಬೇಕು. ನಡುವೆ ಎಲ್ಲೋ ಒಂದು ಕಡೆ ತಣ್ಣಗಿದ್ದರೆ ಆ ಕೊಳವೆಗಳು ಕಟ್ಟಿವೆ. ಬೋರ್‌ವೆಲ್ ನೀರು ಹಾಕಿ ಓಡಿಸಿದ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಆ ಗಡಸು ನೀರಿನ ಸುಣ್ಣ ಒಳಗೆ ಪದರ ಕಟ್ಟುತ್ತದೆ. ಹೊರಗಡೆಯೂ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಧೂಳು, ಹುಳ, ಎಲೆ ಕಂಬಳಿಯಂತೆ ಕೂತಿರುತ್ತದೆ. ರೇಡಿಯೇಟರ್ ಸಡಿಲಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಸಣ್ಣ ಒತ್ತಡದ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವೀಸಿನ ಜೋರು ಪೈಪ್ ಬಿಟ್ಟರೆ ರೆಕ್ಕೆಗಳು ಮಡಚಿಹೋಗುತ್ತವೆ.

ಹಂತ 10: ಹೆಡ್ ಗ್ಯಾಸ್ಕೆಟ್ ಅನುಮಾನ ಇದ್ದರೆ

ಇಲ್ಲಿಯವರೆಗೆ ಎಲ್ಲ ಸರಿ ಇದ್ದರೆ ಮಾತ್ರ ಈ ಹಂತಕ್ಕೆ ಬನ್ನಿ. ರಾತ್ರಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿಯಾದರೆ, ಕೂಲಂಟ್ ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆ ಬಂದರೆ, ಸೋರಿಕೆಯಿಲ್ಲದೆ ನೀರು ಇಳಿದರೆ ಅನುಮಾನ ಬಲವಾಗುತ್ತದೆ. ಬ್ಲಾಕ್ ಟೆಸ್ಟರ್‌ನಿಂದ ಖಚಿತ ಮಾಡಿಕೊಳ್ಳಿ. ಟ್ಯಾಂಕಿನ ಗಾಳಿ ಎಳೆದಾಗ ಅದರ ನೀಲಿ ದ್ರಾವಣ ಹಳದಿಗೆ ತಿರುಗಿದರೆ ಉರಿದ ಗ್ಯಾಸ್ ನೀರಿಗೆ ಸೇರುತ್ತಿದೆ. ಈ ಪರೀಕ್ಷೆ ಮಾಡದೆ ಹೆಡ್ ಬಿಚ್ಚಲು ಒಪ್ಪಬೇಡಿ. ಬಿಚ್ಚಿದ ಮೇಲೆ ಹೆಡ್ ಸಮತಟ್ಟಾಗಿದೆಯಾ ಅಂತ ಮೆಷಿನ್ ಶಾಪಿನಲ್ಲಿ ನೋಡಿಸದೆ ವಾಪಸ್ ಹಾಕಲೂ ಬಿಡಬೇಡಿ.

ಹಂತ 11: ಕೂಲಂಟ್ ತುಂಬುವುದು

ರೇಡಿಯೇಟರ್ ಡ್ರೈನ್ ಮಾತ್ರ ತೆರೆದರೆ ಎಂಜಿನ್ ಬ್ಲಾಕಿನಲ್ಲಿ ಹಳೆ ನೀರು ಉಳಿಯುತ್ತದೆ. ಬ್ಲಾಕಿನ ಬದಿಯ ಡ್ರೈನ್ ಪ್ಲಗ್ಗನ್ನೂ ತೆಗೆಯಿರಿ. ಮರ್ಸಿಡಿಸ್ ಒಪ್ಪಿಗೆಯ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲಂಟ್ ಯಾಕೆ ಅಂತ ಕೇಳುತ್ತಾರೆ. ಅಲ್ಯುಮಿನಿಯಂ ಹೆಡ್ಡಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದೇ, ಕುದಿಯುವ ಡಿಗ್ರಿ ಏರಿಸುವುದೂ ಅದೇ. ಬೇರೆ ಬೇರೆ ಬಣ್ಣದ ಕೂಲಂಟ್ ಬೆರೆಸಬೇಡಿ.

ಹೀಟರ್ ಪೂರ್ತಿ ಬಿಸಿಗೆ ಇಟ್ಟು ನಿಧಾನಕ್ಕೆ ತುಂಬಿ. ಕ್ಯಾಪ್ ತೆಗೆದೇ ಎಂಜಿನ್ ಓಡಿಸಿ, ಮೇಲಿನ ಹೋಸನ್ನು ಆಗಾಗ ಹಿಸುಕಿ ಗಾಳಿ ಬಿಡಿ. ಥರ್ಮೋಸ್ಟಾಟ್ ತೆರೆದು ಹೋಸ್ ಬಿಸಿಯಾದ ಮೇಲೆ ಲೆವೆಲ್ ಸರಿಮಾಡಿ ಕ್ಯಾಪ್ ಹಾಕಿ.

ದಾರಿಯಲ್ಲಿ ಮುಳ್ಳು ಏರಿದರೆ

ಎಸಿ ಆಫ್ ಮಾಡಿ. ಕಿಟಕಿ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ಇಟ್ಟು ಬ್ಲೋವರ್ ಜೋರಾಗಿಡಿ. ಸೆಖೆ ತಡೆದುಕೊಳ್ಳಿ, ಹೀಟರ್ ಈಗ ಎರಡನೇ ರೇಡಿಯೇಟರ್. ಆದರೂ ಏರುತ್ತಿದ್ದರೆ ನೆರಳಿನಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ. ಒಂದು ಗಂಟೆಯಾದರೂ ಕಾಯಿರಿ. ನೀರು ಸೋರಿಹೋಗಿದ್ದರೆ ಟೋ ಮಾಡಿಸಿ. ಟೋ ಖರ್ಚು ಹೆಡ್ ಕೆಲಸದ ಮುಂದೆ ಏನೂ ಅಲ್ಲ.

ಕೆಲಸ ಮುಗಿದ ಮೇಲೆ

ರಿಪೇರಿ ಆಯ್ತು ಅಂತ ಗ್ಯಾರೇಜಿನಿಂದ ನೇರ ಮನೆಗೆ ಹೋಗಬೇಡಿ. ಅರ್ಧ ಗಂಟೆ ಎಸಿ ಹಾಕಿ ಊರೊಳಗೆ ಓಡಿಸಿ. ಆಮೇಲೆ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ, ಎಲೆಕ್ಟ್ರಿಕ್ ಫ್ಯಾನ್ ನಿಧಾನ ವೇಗದಲ್ಲಿ ಬಂದು ಹೋಗುವುದನ್ನು ಕಿವಿಯಾರೆ ಕೇಳಿ. ಆಗ ಬ್ಯಾಟರಿಯಲ್ಲಿ ವೋಲ್ಟ್ ಎಷ್ಟಿದೆ, ಮುಳ್ಳು ಎಲ್ಲಿದೆ, ಥರ್ಮೋಸ್ಟಾಟ್ ಹೌಸಿಂಗ್ ಎಷ್ಟು ಬಿಸಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಕಾರಿನಲ್ಲೇ ಇಡಿ. ಮುಂದೆ ತೊಂದರೆ ಬಂದಾಗ ಹೋಲಿಸಲು ಈ ಅಂಕಿಗಳು ಬೇಕಾಗುತ್ತವೆ. ಮರುದಿನ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಕೂಲಂಟ್ ಲೆವೆಲ್ ನೋಡಿ. ಸ್ವಲ್ಪ ಇಳಿದಿದ್ದರೆ ಒಳಗಿದ್ದ ಗಾಳಿ ಹೊರಬಂದಿದೆ, ತುಂಬಿಸಿ. ಅದರ ಮರುದಿನವೂ ಇಳಿದಿದ್ದರೆ ಮತ್ತೆ ಪ್ರೆಶರ್ ಟೆಸ್ಟರ್ ಹಾಕಿ.